ಪುಟ್ಟ ಮಕ್ಕಳಿರುವ ಮನೆಯಲ್ಲಿ ಹಬ್ಬವನ್ನು ಹೇಗೆ ನಡೆಸುತ್ತೀರಿ? ಈ ಸಲ ನನ್ನಿಂದ ಆಗಲಿಲ್ಲ

ಎರಡು ತೊಟ್ಟಿಲು
ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಈ ಬಾರಿಯ ನವರಾತ್ರಿಯನ್ನು ನಾನು ಚಿಕ್ಕವಳಿದ್ದಾಗ ಕಂಡಂತೆಯೇ, ಒಂದನ್ನೂ ಬಿಡದೆ, ಒಂಬತ್ತು ದಿನವೂ ನಡೆಸಿಯೇ ತೀರಬೇಕೆಂದು ಹಟ ತೊಟ್ಟಿದ್ದೆ. ಮೊದಲ ಮೂರು ದಿನ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಪ್ರತಿ ಸಂಜೆಯೂ ಪೂಜೆ ತಡವಾಗುತ್ತ ಹೋಯಿತು. ಬಂದವರನ್ನು ಮಾತನಾಡಿಸಿ ಕಳುಹಿಸುವಷ್ಟರಲ್ಲಿ ರಾತ್ರಿ ಹತ್ತೂವರೆಯಾಗುತ್ತಿತ್ತು, ಮಕ್ಕಳ ಊಟ, ನಿದ್ದೆ ಎರಡೂ ಹೊತ್ತು ತಪ್ಪಿದವು. ಎಂಟನೆಯ ದಿನ ಆರತಿಯ ಹೊತ್ತಿಗೆ ಮಗಳು ಮಂಚದ ಕೆಳಗೆ ಸೇರಿಕೊಂಡು "ನಂಗೆ ಹಬ್ಬ ಬೇಡ" ಎಂದು ಕಿರುಚಿದಳು. ಬಂದವರೆದುರು ಮುಖಭಂಗವಾಯಿತೆಂದು ನಾನು ಅವಳನ್ನು ಎಳೆದು ತಂದು ಗದರಿಸಿದೆ. ಅದೇ ರಾತ್ರಿ ಮಲಗಿಸುವಾಗ ಅವಳು ಕೇಳಿದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ: "ಅಮ್ಮಾ, ಹಬ್ಬ ಯಾವಾಗ ಹೋಗತ್ತೆ? ಆಮೇಲೆ ನೀನು ಬೈಯಲ್ಲ ಅಲ್ವಾ?"

ವಿಜಯದಶಮಿ ಕಳೆದ ಇಪ್ಪತ್ತು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ ಬಂದುಬಿಡುತ್ತದೆ. ಅಷ್ಟರೊಳಗೆ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ನಾನು ತೀರ್ಮಾನಿಸಬೇಕಾಗಿದೆ. ಭಕ್ತಿಯನ್ನು ಕಡಿಮೆ ಮಾಡಿಕೊಳ್ಳುವ ಮನಸ್ಸು ನನಗಿಲ್ಲ. ಆದರೆ ಮಗಳ ನೆನಪಿನಲ್ಲಿ ಹಬ್ಬವೆಂದರೆ ಅಮ್ಮನ ಸಿಟ್ಟು ಎಂದು ಉಳಿಯುವುದೂ ಬೇಡ. ಯಾವ ಧರ್ಮದವರಾದರೂ ಸರಿ, ಸಣ್ಣ ಮಕ್ಕಳನ್ನು ಜೊತೆಗಿಟ್ಟುಕೊಂಡು ಹಬ್ಬ ಮಾಡಿದವರು ದಯವಿಟ್ಟು ಹೇಳಿ.

ಬೆಳಗಿನ ಜಾವ
ಐದು ರಾತ್ರಿ ನಿದ್ದೆಗೆಟ್ಟ ನಾಲ್ಕು ವರ್ಷದ ಮಗು ಬೇರೇನು ಹೇಳಬಲ್ಲದು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಮೂರು ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಒಂದರಿಂದ ಎರಡು ವರ್ಷದವರಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ನಮ್ಮ ಮನೆಯಲ್ಲಿ ಈಗ ಮಕ್ಕಳಿರುವ ಪೂಜೆ ಬೆಳಿಗ್ಗೆ, ಅವರು ಎದ್ದು ಹಾಲು ಕುಡಿದ ಕೂಡಲೇ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಂಜೆಯದು ದೊಡ್ಡವರ ಪೂಜೆ. ಈ ಒಂದು ಬದಲಾವಣೆಯಿಂದಲೇ ಅಳು ಅರ್ಧಕ್ಕೆ ಇಳಿಯಿತು.

ಹಳೆಯ ಪಂಚಾಂಗ
ನಾನು ಎಪ್ಪತ್ತು ದಾಟಿದವನು, ಆರು ಮೊಮ್ಮಕ್ಕಳ ಅಜ್ಜ. ನೇರವಾಗಿ ಹೇಳುತ್ತೇನೆ, ತಾಯಿ ಬೇಸರಿಸಬಾರದು. ಮಗುವಿಗೆ ಒಗ್ಗುವುದಿಲ್ಲವೆಂದು ಪೂಜೆಯನ್ನು ಹತ್ತು ನಿಮಿಷಕ್ಕೆ ಇಳಿಸುತ್ತ ಹೋದರೆ, ಆ ಮಗು ದೊಡ್ಡದಾದಾಗ ಅದಕ್ಕೆ ಕೊಡಲು ನಮ್ಮ ಬಳಿ ಹತ್ತು ನಿಮಿಷದ ಪೂಜೆಯಷ್ಟೇ ಉಳಿದಿರುತ್ತದೆ. ನಾವು ಚಿಕ್ಕವರಿದ್ದಾಗ ಮೂರು ತಾಸಿನ ಪೂಜೆಗಳು ನಡೆಯುತ್ತಿದ್ದವು. ಅರ್ಥವಾಗದಿದ್ದರೂ ಆ ದನಿ, ಆ ವಾಸನೆ, ಆ ಬೆಳಕು ಮೈಯೊಳಗೆ ಇಳಿದುಹೋದವು. ಇಲ್ಲಿ ಒಂದು ಮಾತನ್ನು ಮರೆಯಬೇಡಿ: ಆಗ ಯಾರೂ ನಮ್ಮನ್ನು ಎದುರಿಗೆ ಕೂರಿಸಿ ಕೈ ಮುಗಿಸುತ್ತಿರಲಿಲ್ಲ. ಯಾವುದೋ ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆವು, ಎದ್ದಾಗ ಮಂಗಳಾರತಿ ಆಗಿರುತ್ತಿತ್ತು. ವಿಧಿ ಪೂರ್ತಿಯಾಗಿ ನಡೆಯಲಿ, ಮಗು ಅದರ ಅಕ್ಕಪಕ್ಕದಲ್ಲಿ ತನ್ನಷ್ಟಕ್ಕೆ ಇರಲಿ ಎಂಬುದು ನನ್ನ ಅಭಿಪ್ರಾಯ.

ಎರಡು ತೊಟ್ಟಿಲು
ಸರ್, ನಿಮ್ಮ ಮಾತಿಗೆ ಬೇಸರವಿಲ್ಲ. ಆದರೆ ಆ ಅತ್ತೆಯ ತೊಡೆ ನನ್ನ ಮನೆಯಲ್ಲಿಲ್ಲ. ಪೂಜೆ ಮಾಡುವವಳೂ ಅಡುಗೆ ಮಾಡುವವಳೂ ಮಗುವನ್ನು ಎತ್ತಿಕೊಳ್ಳುವವಳೂ ನಾನೊಬ್ಬಳೇ. ಗಂಡ ಕೆಲಸ ಮುಗಿಸಿ ಬರುವುದೇ ಎಂಟಕ್ಕೆ.

ಹಳೆಯ ಪಂಚಾಂಗ
ಅದು ಸರಿ ತಾಯಿ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೂರನೆಯ ಮೊಂಬತ್ತಿ
ನಾವು ಕ್ರೈಸ್ತರು. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಬಗ್ಗೆ ಹೇಳುತ್ತೇನೆ, ನಿಮಗೂ ಉಪಯೋಗವಾಗಬಹುದು. ನವೆಂಬರ್ 30ಕ್ಕೆ ಅತ್ಯಂತ ಹತ್ತಿರದ ಭಾನುವಾರ ಈ ಕಾಲ ಆರಂಭವಾಗುತ್ತದೆ. ನಾಲ್ಕು ಭಾನುವಾರಗಳು, ನಾಲ್ಕು ಮೊಂಬತ್ತಿಗಳು, ವಾರಕ್ಕೊಂದನ್ನು ಹೆಚ್ಚಾಗಿ ಹಚ್ಚುತ್ತ ಹೋಗುವುದು. ಈ ಪದ್ಧತಿಯ ಹುಟ್ಟೇ ಮಕ್ಕಳಿಂದಾದದ್ದು. ಹ್ಯಾಂಬರ್ಗಿನಲ್ಲಿ ಬಡ ಮಕ್ಕಳಿಗಾಗಿ ಆಶ್ರಯಮನೆ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿಯನ್ನು ಮಕ್ಕಳು ದಿನವೂ "ಹಬ್ಬ ಇವತ್ತಾ?" ಎಂದು ಕೇಳುತ್ತಿದ್ದರಂತೆ. ಅವರು 1839ರಲ್ಲಿ ಹಳೆಯದೊಂದು ಗಾಡಿಚಕ್ರಕ್ಕೆ ವಾರದ ದಿನಗಳಿಗೆಂದು 20 ಸಣ್ಣ ಕೆಂಪು ಮೊಂಬತ್ತಿಗಳನ್ನೂ ಭಾನುವಾರಗಳಿಗೆಂದು 4 ದೊಡ್ಡ ಬಿಳಿ ಮೊಂಬತ್ತಿಗಳನ್ನೂ ನಿಲ್ಲಿಸಿ ದಿನಕ್ಕೊಂದು ಹಚ್ಚಿಸಿದರು. ಮಕ್ಕಳಿಗೆ "ಇನ್ನು ಹನ್ನೊಂದು ದಿನ" ಎಂಬ ಮಾತು ತಿಳಿಯುವುದಿಲ್ಲ, ಹಚ್ಚದೆ ಉಳಿದ ಹನ್ನೊಂದು ಬತ್ತಿಗಳು ಕಣ್ಣಿಗೆ ಕಾಣುತ್ತವೆ.

ನನ್ನ ಮಗಳಿಗೆ ಈಗ ಐದು. ಅವಳಿಗೆ ನಿನ್ನೆ, ನಾಳೆ ಇವತ್ತಿಗೂ ಅದಲುಬದಲಾಗುತ್ತವೆ, ಆದರೆ ಎಷ್ಟು ಬತ್ತಿ ಉರಿದಿದೆ ಎಂಬುದರಲ್ಲಿ ಅವಳು ತಪ್ಪಿಲ್ಲ. ರಾತ್ರಿ ಊಟಕ್ಕೆ ಕೂರುವಾಗ ಮೊಂಬತ್ತಿ ಹಚ್ಚುತ್ತೇವೆ, ಒಂದು ಚರಣ ಹಾಡುತ್ತೇವೆ, ಅವಳು ಊದಿ ಆರಿಸುತ್ತಾಳೆ. ಮೂರು ನಿಮಿಷವೂ ಹಿಡಿಯುವುದಿಲ್ಲ. ಹಬ್ಬದ ದಿನ ಬರುವಷ್ಟರಲ್ಲಿ ಅವಳ ಪಾಲಿಗೆ ಮುಖ್ಯವಾದದ್ದೆಲ್ಲ ಆಗಲೇ ನಡೆದುಹೋಗಿರುತ್ತದೆ, ಹಾಗಾಗಿ ಆ ದಿನ ಅವಳು ಪೂಜೆಯ ಮಧ್ಯೆ ನಿದ್ದೆ ಹೋದರೂ ನಾನು ಎಬ್ಬಿಸುವುದಿಲ್ಲ.

ಬೆಳಗಿನ ಜಾವ
ದಿನಕ್ಕೊಂದು ಬಾಗಿಲು ತೆರೆದರೆ ಒಂದು ಉಡುಗೊರೆ ಸಿಗುವ ಆ ಕ್ಯಾಲೆಂಡರುಗಳನ್ನೂ ಇಡುತ್ತೀರಾ? ಅದು ಮಕ್ಕಳನ್ನು ಆಸೆಬುರುಕರನ್ನಾಗಿ ಮಾಡುತ್ತದೆಂದು ನನಗೆ ಅನ್ನಿಸುತ್ತದೆ.

ಮೂರನೆಯ ಮೊಂಬತ್ತಿ
ಒಂದು ವರ್ಷ ಇಟ್ಟೆವು. ನಾಲ್ಕನೆಯ ದಿನಕ್ಕೆ ಅವಳು ಹಾಡನ್ನು ಬಿಟ್ಟು ಬಾಗಿಲನ್ನಷ್ಟೇ ಕೇಳತೊಡಗಿದಳು. ಮರುವರ್ಷ ಬಾಗಿಲುಗಳ ಹಿಂದೆ ನಾನೇ ಚೀಟಿ ಬರೆದಿಟ್ಟೆ: ಅಜ್ಜಿಗೆ ಫೋನ್ ಮಾಡು, ಹಕ್ಕಿಗೆ ನೀರಿಡು, ಒಂದು ಆಟಿಕೆಯನ್ನು ಯಾರಿಗಾದರೂ ಕೊಡು. ಮೊದಲೆರಡು ದಿನ ಮುಖ ಊದಿಸಿಕೊಂಡಳು, ಆಮೇಲೆ ತಾನೇ ಚೀಟಿ ಬರೆಸತೊಡಗಿದಳು.

ಹೊಸ ಚಂದ್ರ
ಅಸ್ಸಲಾಮು ಅಲೈಕುಂ. ನನ್ನ ಅನುಭವ ರಂಜಾನಿನದು. ನಮ್ಮ ಚಾಂದ್ರವರ್ಷಕ್ಕೆ 354 ಅಥವಾ 355 ದಿನಗಳಿರುವುದರಿಂದ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಮತ್ತೆ ಅದೇ ಋತುವಿಗೆ ಬರಲು ಸುಮಾರು 33 ವರ್ಷ ಹಿಡಿಯುತ್ತದೆ. ಅಂದರೆ ಕಳೆದ ವರ್ಷದ ವೇಳಾಪಟ್ಟಿಯನ್ನು ಈ ವರ್ಷಕ್ಕೆ ಹಾಗೆಯೇ ಎತ್ತಿ ಇಡಲಾಗುವುದಿಲ್ಲ. ಸಂಜೆ ಉಪವಾಸ ಬಿಡುವ ಇಫ್ತಾರಿನ ಹೊತ್ತು ಮಗುವಿನ ಮಲಗುವ ಹೊತ್ತಿಗೆ ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ.

ನಮ್ಮ ಮನೆಯ ಸಮಸ್ಯೆ ನಿಮ್ಮದಕ್ಕೆ ತದ್ವಿರುದ್ಧವಾಗಿತ್ತು. ಆರು ವರ್ಷದ ಮಗ ತಾನೂ ಉಪವಾಸ ಹಿಡಿಯುತ್ತೇನೆಂದು ಬೆಳಗಾಗುವ ಮುಂಚಿನ ಊಟವಾದ ಸೆಹ್ರಿಗೆ ಎದ್ದು ಕುಳಿತುಬಿಟ್ಟ. ಪ್ರಾಯಕ್ಕೆ ಬರುವವರೆಗೆ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ, ಆದರೂ ಅವನ ಉತ್ಸಾಹವನ್ನು ಮುರಿಯಲು ಮನಸ್ಸು ಬರಲಿಲ್ಲ. ಬುಖಾರಿ ಸಂಗ್ರಹದಲ್ಲಿ ರುಬಯ್ಯಿ ಬಿಂತ್ ಮುಅವ್ವಿದ್ ಎಂಬ ಮಹಿಳೆಯ ಹೆಸರಿನಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಕಾಲದ ವರದಿ, ಇದೆ: ಮುಹರ್ರಮ್ ತಿಂಗಳ ಹತ್ತನೆಯ ದಿನವಾದ ಆಶೂರಾದಂದು ತಾವು ಮಕ್ಕಳಿಂದಲೂ ಉಪವಾಸ ಮಾಡಿಸುತ್ತಿದ್ದರು, ಮಗು ಊಟಕ್ಕಾಗಿ ಅತ್ತರೆ ಉಣ್ಣೆಯ ಆಟಿಕೆಯನ್ನು ಕೈಗಿತ್ತು ಉಪವಾಸ ಬಿಡುವ ಹೊತ್ತಿನವರೆಗೂ ರಮಿಸುತ್ತಿದ್ದರು ಎಂದು ಅವರು ಹೇಳುತ್ತಾರೆ. ಅಷ್ಟು ಹಿಂದಿನ ತಾಯಂದಿರೂ ಅಳುವ ಮಗುವಿಗೆ ಆಟಿಕೆ ಹುಡುಕುತ್ತಿದ್ದರು ಎಂಬುದನ್ನು ಓದಿದಾಗ ನನಗೆ ಕಣ್ಣು ತುಂಬಿತ್ತು. ನಾವು ಮಗನಿಗೆ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗಿನ ಉಪವಾಸ ಕೊಟ್ಟೆವು. ಇಫ್ತಾರಿಗೆ ಎಲ್ಲರ ಮುಂದೆ ಖರ್ಜೂರದ ತಟ್ಟೆ ಇಡುವ ಕೆಲಸ ಅವನದೇ ಆಯಿತು.

ಮಕ್ಕಳ ವಾರ್ಡು
ಮಕ್ಕಳ ವಿಭಾಗದಲ್ಲಿ ನರ್ಸ್ ಆಗಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಹೊಸ ಚಂದ್ರ ಅವರು ಮಾಡಿದ್ದು ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ಪುಟ್ಟ ಮಕ್ಕಳ ಮೈಯಲ್ಲಿ ನೀರಿನ ಅಂಶ ಬೇಗ ಕಡಿಮೆಯಾಗುತ್ತದೆ, ಆದುದರಿಂದ ಯಾವ ವ್ರತದ ಹೆಸರಿನಲ್ಲೂ ಅವರಿಗೆ ನೀರು ತಪ್ಪಿಸಬೇಡಿ. ರೋಮನ್ ಕಥೋಲಿಕ ಸಭೆಯ ನಿಯಮದಲ್ಲಿಯೂ ಉಪವಾಸ 18 ವರ್ಷ ತುಂಬಿದವರಿಗೆ, ಮಾಂಸ ವರ್ಜನೆ 14 ತುಂಬಿದವರಿಗೆ. ಯಾವ ಧರ್ಮವೂ ಕೇಳದ್ದನ್ನು ನಾವು ಮಗುವಿನ ಮೇಲೆ ಹೊರಿಸುವುದು ಬೇಡ.

ಹಬ್ಬದ ದಿನಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದನ್ನೂ ಹೇಳಿಬಿಡುತ್ತೇನೆ. ನಕ್ಷತ್ರಕಡ್ಡಿ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉರಿಯುತ್ತದೆ. ಅದನ್ನು "ಚಿಕ್ಕ ಮಕ್ಕಳದು" ಎಂದು ಕೈಗೆ ಕೊಡುವವರು ಆ ತಂತಿ ಆರಿದ ಮೇಲೂ ಸುಡುತ್ತದೆಂಬುದನ್ನು ಮರೆಯುತ್ತಾರೆ, ಮಗು ಬರಿಗಾಲಿನಲ್ಲಿ ಅದರ ಮೇಲೆಯೇ ಕಾಲಿಡುತ್ತದೆ. ಬ್ಯಾಟರಿ ದೀಪಗಳು ಬೆಂಕಿಗಿಂತ ಕ್ಷೇಮವೆಂದು ಕೊಳ್ಳುತ್ತೇವೆ, ಆದರೆ ಅವುಗಳೊಳಗಿನ ನಾಣ್ಯದಂತಹ ಬಟನ್ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಿ ಕೊಳ್ಳಿರಿ; ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿರಿ. ಒಂದು ವರ್ಷ ತುಂಬದ ಶಿಶುವಿಗೆ ಪ್ರಸಾದವೆಂದರೂ ಜೇನುತುಪ್ಪ ನೆಕ್ಕಿಸಬೇಡಿ. ಇಡೀ ಬಾದಾಮಿ, ಗೋಡಂಬಿ, ದ್ರಾಕ್ಷಿ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದೂವರೆ ವರ್ಷದ ಮಗ ಇರುವ ತಾಯಿಗೆ ಇದನ್ನೆಲ್ಲ ಮುಖ್ಯವಾಗಿ ಹೇಳುತ್ತಿದ್ದೇನೆ.

ಹಳೆಯ ಪಂಚಾಂಗ
ಬ್ಯಾಟರಿ ದೀಪವನ್ನು ದೇವರ ಮುಂದೆ ಇಡುವುದನ್ನು ನಾನು ಒಪ್ಪಲಾರೆ. ಎಣ್ಣೆಯನ್ನು ಕುಡಿದು, ಗಾಳಿಗೆ ನಡುಗಿ, ಕಾಯ್ದುಕೊಳ್ಳದಿದ್ದರೆ ಆರಿಹೋಗುವ ದೀಪದಿಂದ ಮಗು ಏನನ್ನೋ ಕಲಿಯುತ್ತದೆ. ಎತ್ತರದ ಮೇಲೆ ಇಡಿ, ಕಾದು ಕುಳಿತುಕೊಳ್ಳಿ, ಆದರೆ ದೀಪ ದೀಪವಾಗಿರಲಿ.

ಮಕ್ಕಳ ವಾರ್ಡು
ಒಂದೇ ದೀಪವಾದರೆ ನಾನೂ ಒಪ್ಪುತ್ತೇನೆ, ಸರ್. ಹೊಸ್ತಿಲ ಉದ್ದಕ್ಕೂ ಇಪ್ಪತ್ತು ದೀಪವಿಟ್ಟು ಒಳಗೆ ಅಡುಗೆಗೆ ಹೋಗುವವರಿಗೆ ನಾನು ಹೇಳುವುದು ಬೇರೆ.

ಅಂಗನವಾಡಿ ಅಕ್ಕ
ಮೂವತ್ತು ವರ್ಷ ಮೂರರಿಂದ ಆರರವರೆಗಿನ ಮಕ್ಕಳೊಡನೆ ಕಳೆದವಳು ನಾನು. ಈ ವಯಸ್ಸಿನ ಮಗುವಿಗೆ ನೋಡುತ್ತ ಕೂರುವುದು ಶಿಕ್ಷೆ, ಮಾಡುವುದು ಸಂಭ್ರಮ. ಆದರೆ ಆ ಕೆಲಸ ನಿಜವಾದ ಕೆಲಸವಾಗಿರಬೇಕು. ಸುಮ್ಮನೆ ಕೈಗೊಂದು ಹೂವು ಕೊಟ್ಟು ಸರಿಸಿದರೆ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಬತ್ತಿ ಹೊಸೆಯುವುದು, ಹೂ ಬಿಡಿಸುವುದು, ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ತಿಕ್ಕುವುದು ನಾಲ್ಕು ವರ್ಷದ ಕೈಗಳಿಗೆ ಆಗುವ ಕೆಲಸಗಳು. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ನೆಲವೆಲ್ಲ ಒದ್ದೆಯಾಗುತ್ತದೆ, ಆದರೂ ಆ ಚೊಂಬನ್ನು ದೇವರ ಮುಂದೆ ಇಟ್ಟಾಗ ಮಗು ಮಂಚದ ಕೆಳಗೆ ಹೋಗುವುದಿಲ್ಲ, ತನ್ನ ಚೊಂಬನ್ನು ನೋಡಲು ಮುಂದೆ ಬರುತ್ತದೆ.

ಯೆಹೂದ್ಯರ ಪಸ್ಕ ಹಬ್ಬದ ಏರ್ಪಾಟನ್ನು ತಿಳಿದಾಗ ನಾನು ಬೆರಗಾಗಿದ್ದೆ. ಆ ರಾತ್ರಿಯ ಊಟದಲ್ಲಿ ಮನೆಯ ಅತ್ಯಂತ ಚಿಕ್ಕ ಮಗು ಎದ್ದು ನಾಲ್ಕು ಪ್ರಶ್ನೆಗಳನ್ನು ಕೇಳುತ್ತದೆ, ಈ ರಾತ್ರಿ ಬೇರೆ ರಾತ್ರಿಗಳಂತೆ ಏಕಿಲ್ಲ ಎಂದು. ಆ ಪ್ರಶ್ನೆಗೆ ಉತ್ತರವಾಗಿಯೇ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದಾದ ತಮ್ಮ ಬಿಡುಗಡೆಯ ಕಥೆಯನ್ನು ಹೇಳುತ್ತಾರೆ. ಜೊತೆಗೆ ಹುಳಿಯಿಲ್ಲದ ರೊಟ್ಟಿಯ ಒಂದು ತುಂಡನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುತ್ತಾರೆ, ಅದು ಸಿಗದೆ ಊಟ ಮುಗಿಯುವಂತಿಲ್ಲ. ಮಗುವಿನ ಪ್ರಶ್ನೆಯನ್ನೂ ಆಟವನ್ನೂ ವಿಧಿಯೊಳಗೇ ಕೂರಿಸಿದ ಆ ಹಿರಿಯರ ಜಾಣ್ಮೆ ದೊಡ್ಡದು.

ಒಂದೇ ಹಣತೆ
ಅದೇ ಜನರ ಹನುಕ್ಕಾ ಹಬ್ಬವನ್ನೂ ಇಲ್ಲಿ ನೆನೆಯಬೇಕು. ಎಂಟು ರಾತ್ರಿಗಳ ದೀಪದ ಹಬ್ಬವದು. ಅದನ್ನು ಹಚ್ಚುವ ಬಗೆಯಲ್ಲಿ ಅವರ ಎರಡು ಪ್ರಾಚೀನ ಗುರುಪಂಥಗಳಿಗೆ ಭಿನ್ನಾಭಿಪ್ರಾಯವಿತ್ತು: ಮೊದಲ ರಾತ್ರಿ ಎಂಟು ದೀಪ ಹಚ್ಚಿ ದಿನವೂ ಒಂದೊಂದು ಕಡಿಮೆ ಮಾಡಬೇಕೆಂದು ಶಮ್ಮಾಯ್ ಪಂಥದವರು ಹೇಳಿದರು, ಒಂದರಿಂದ ಆರಂಭಿಸಿ ಏರಿಸಬೇಕೆಂದು ಹಿಲ್ಲೆಲ್ ಪಂಥದವರು ಹೇಳಿದರು. ಪವಿತ್ರವಾದುದರಲ್ಲಿ ಏರಬೇಕು, ಇಳಿಯಬಾರದು ಎಂಬುದು ಹಿಲ್ಲೆಲ್ ಪಂಥದ ಸಮರ್ಥನೆ, ಅದೇ ಇಂದಿಗೂ ರೂಢಿಯಲ್ಲಿದೆ. ನಾವು ಸಣ್ಣ ಮಕ್ಕಳಿರುವವರು ಶಮ್ಮಾಯ್ ದಾರಿ ಹಿಡಿದುಬಿಡುತ್ತೇವೆ: ಮೊದಲ ದಿನ ಎಲ್ಲವನ್ನೂ ಮಾಡಿ, ಕೊನೆಯ ದಿನ ಕುಸಿದು ಕೂರುತ್ತೇವೆ. ಎರಡು ತೊಟ್ಟಿಲು ಅವರೇ, ನಿಮ್ಮ ನವರಾತ್ರಿಯೂ ಹಾಗೆಯೇ ಆಗಿದೆ.

ಎರಡು ತೊಟ್ಟಿಲು
ಈ ಮಾತು ನಾಟಿತು. ಮೊದಲ ಮೂರು ದಿನಗಳಲ್ಲೇ ನನ್ನ ಶಕ್ತಿಯೆಲ್ಲ ಖರ್ಚಾಗಿತ್ತು.

ಖಾಲಿ ಕುರ್ಚಿ
ನನ್ನ ಪರಿಸ್ಥಿತಿ ಸ್ವಲ್ಪ ಬೇರೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು, ಮಗನಿಗೆ ಈಗ ಐದು. ಮೊದಲ ವರ್ಷ ಹಬ್ಬವೇ ಬೇಡವೆಂದು ಕ್ಯಾಲೆಂಡರನ್ನು ಗೋಡೆಯಿಂದ ತೆಗೆದಿಟ್ಟಿದ್ದೆ. ಹಬ್ಬದ ಹಿಂದಿನ ದಿನ ಮಗ ತಾಯಿಯ ಹಳೆಯ ಸೀರೆಯ ಪೆಟ್ಟಿಗೆಯಿಂದ ಕರ್ಪೂರದ ಡಬ್ಬಿಯನ್ನು ಹುಡುಕಿ ತಂದು, ಮೂಗಿಗೆ ಹಿಡಿದು, "ಇದು ಅಮ್ಮನ ವಾಸನೆ" ಎಂದ. ಅವಳು ದಿನವೂ ಮಾಡುತ್ತಿದ್ದ ಅನೇಕ ಸಂಗತಿಗಳಲ್ಲಿ ನಾನು ಆರತಿ ಒಂದನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಉಳಿದದ್ದೆಲ್ಲ ಬಿಟ್ಟುಹೋಗಿದೆ, ಅದಕ್ಕಾಗಿ ನನಗೆ ನೋವಿದೆ. ಆದರೆ ಆ ಒಂದನ್ನು ಅವನು ಒಂದು ಸಂಜೆಯೂ ಮರೆಯಗೊಡುವುದಿಲ್ಲ.

ಅಂಗನವಾಡಿ ಅಕ್ಕ
ತಮ್ಮಾ, ನೀವು ಹಿಡಿದುಕೊಂಡದ್ದು ಸಣ್ಣದಲ್ಲ. ಕುಡಿತದ ಸಮಸ್ಯೆಯಿದ್ದ ಕುಟುಂಬಗಳನ್ನು ಸ್ಟೀವನ್ ವೋಲಿನ್, ಲಿಂಡಾ ಬೆನೆಟ್ ಎಂಬ ಸಂಶೋಧಕರು ಅಧ್ಯಯನ ಮಾಡಿದ್ದರು. ಊಟ, ಹಬ್ಬಗಳಂತಹ ಆಚರಣೆಗಳನ್ನು ಕೆಡದಂತೆ ಕಾಯ್ದುಕೊಂಡ ಮನೆಗಳಲ್ಲಿ ಆ ಚಟ ಮುಂದಿನ ತಲೆಮಾರಿಗೆ ದಾಟುವುದು ಕಡಿಮೆಯೆಂದು ಅವರು ಕಂಡುಕೊಂಡರು. ಕಷ್ಟ ಬಂದಾಗ ಹಬ್ಬವನ್ನೇ ಮೊದಲು ಕೈಬಿಡುವುದು ಎಲ್ಲರ ಮನೆಯಲ್ಲೂ ಆಗುವ ತಪ್ಪು.

ಸದ್ದು ಬೇಡ
ನನ್ನ ಮಗನಿಗೆ ಆಟಿಸಂ ಇದೆ. ಗಂಟೆಯ ಸದ್ದು, ಜನಜಂಗುಳಿ, ಹೊಸ ಬಟ್ಟೆಯ ಒರಟು ಇವನಿಗೆ ನಿಜವಾಗಿಯೂ ನೋವು ಕೊಡುತ್ತವೆ, ಹಟವೆಂದು ತಿಳಿಯಬೇಡಿ. ಹೊಸ ಬಟ್ಟೆಯನ್ನು ಎರಡು ಸಲ ಒಗೆದು ಕೊಡುತ್ತೇವೆ. ಅಂದು ಏನೇನು ನಡೆಯುತ್ತದೆಂಬುದನ್ನು ಐದು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ, ಒಂದೊಂದು ಮುಗಿದಂತೆ ಅವನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಬಂದವರಿಗೆ ನಮಸ್ಕಾರ ಮಾಡೆಂದು, ಅಪ್ಪಿಕೊಳ್ಳೆಂದು ಒತ್ತಾಯಿಸುವುದಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಹಬ್ಬದ ದಿನ ಅವನಿಗೇ ಮೀಸಲು. ಇವು ಎಲ್ಲ ಮಕ್ಕಳಿಗೂ ಒಪ್ಪುತ್ತವೆಂದು ನನ್ನ ಅನಿಸಿಕೆ.

ಎರಡು ಕ್ಯಾಲೆಂಡರ್
ನಮ್ಮದು ಎರಡು ಧರ್ಮಗಳ ಮನೆ. ಎಲ್ಲವನ್ನೂ ಸೇರಿಸಿ ಒಂದು ಕಲಸುಮೇಲೋಗರ ಮಾಡಬೇಡಿರೆಂಬುದು ನನ್ನ ಸಲಹೆ. ಒಂದು ಹಬ್ಬವನ್ನು ಅದರದೇ ಹೆಸರಿನಲ್ಲಿ, ಅದರದೇ ಪ್ರಾರ್ಥನೆಯಲ್ಲಿ ನಡೆಸಿದರೆ ಮಗುವಿಗೆ ಗೊಂದಲವಾಗುವುದಿಲ್ಲ. "ಇದು ಅಪ್ಪನ ಕಡೆಯದು, ಇದು ಅಮ್ಮನ ಕಡೆಯದು, ಎರಡೂ ನಿನ್ನದು" ಎಂದರೆ ಮೂರು ವರ್ಷದ ಮಗುವೂ ಒಪ್ಪಿಕೊಳ್ಳುತ್ತದೆ.

ಬೆಳಗಿನ ಜಾವ
ಒಂದು ಪ್ರಶ್ನೆ ಇಲ್ಲಿಯೇ ಕೇಳುತ್ತೇನೆ. ನಮ್ಮ ಮನೆಯ ಹಿರಿಯರು "ಗಲಾಟೆ ಮಾಡಿದರೆ ದೇವರು ಶಿಕ್ಷೆ ಕೊಡುತ್ತಾನೆ" ಎಂದು ಮಗುವನ್ನು ಸುಮ್ಮನಾಗಿಸುತ್ತಾರೆ. ನಾನು ತಡೆದರೆ ಅವರಿಗೆ ಅವಮಾನವಾಗುತ್ತದೆ. ಏನು ಮಾಡಲಿ?

ಹಳೆಯ ಪಂಚಾಂಗ
ತಡೆಯಿರಿ. ಅವಮಾನವಾದರೂ ತಡೆಯಿರಿ. ವಿಧಿ ಕುಗ್ಗಬಾರದೆಂದು ವಾದಿಸಿದವನೇ ಹೇಳುತ್ತಿದ್ದೇನೆ. ನನ್ನ ತಂದೆ ನನ್ನನ್ನು ಹಾಗೆ ಹೆದರಿಸಿದ್ದರು. ಒಮ್ಮೆ ಜ್ವರ ಬಂದಾಗ, ದೇವರ ಪೆಟ್ಟಿಗೆಯನ್ನು ಮುಟ್ಟಿದ್ದರಿಂದಲೇ ಬಂತೆಂದು ನಾನು ಮೂರು ದಿನ ಯಾರಿಗೂ ಹೇಳದೆ ನಡುಗಿದ್ದೆ. ಇಷ್ಟು ವಯಸ್ಸಾದರೂ ಆ ಭಯ ಪೂರ್ತಿಯಾಗಿ ಹೋಗಿಲ್ಲ. ಭಕ್ತಿ ತಡವಾಗಿ ಬಂದರೂ ಚಿಂತೆಯಿಲ್ಲ, ಭಯ ಮೊದಲು ಬಂದು ಕೂತರೆ ಅದಕ್ಕೆ ಜಾಗವಿರುವುದಿಲ್ಲ.

ಹೊಸ ಚಂದ್ರ
ಅಜ್ಜನವರ ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ.

ಎರಡು ತೊಟ್ಟಿಲು
ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ನವರಾತ್ರಿಯಲ್ಲಿ ನಿನಗೆ ಯಾವುದು ಇಷ್ಟವಾಯಿತೆಂದು ಮಗಳನ್ನು ಮೆಲ್ಲಗೆ ಕೇಳಿದೆ. ನಾನು ರಾತ್ರಿಯೆಲ್ಲ ಕುಳಿತು ಮಾಡಿದ ಅಲಂಕಾರದ ಹೆಸರು ಅವಳ ಬಾಯಿಂದ ಬರಲಿಲ್ಲ. "ನೀನು ನನ್ನ ಕೈ ಹಿಡ್ಕೊಂಡು ಬೆಂಕಿಕಡ್ಡಿ ಗೀರಿದ್ದು" ಎಂದಳು. ಅದು ಮೊದಲ ದಿನ, ಒಂದೇ ಸಲ ನಡೆದದ್ದು, ನನಗೆ ಮರೆತೇ ಹೋಗಿತ್ತು.

ದೀಪಾವಳಿಗೆ ಹೀಗೆಂದು ತೀರ್ಮಾನಿಸಿದ್ದೇವೆ. ತ್ರಯೋದಶಿಯಿಂದ ಬಿದಿಗೆಯವರೆಗೆ ಐದು ಸಂಜೆಗಳು. ಮೊದಲ ಸಂಜೆ ಒಂದು ಎಣ್ಣೆಯ ದೀಪ, ದಿನಕ್ಕೊಂದು ಹೆಚ್ಚು, ಕೊನೆಯ ದಿನ ಐದು. ಆರೂವರೆಗೆ ಹಚ್ಚಿ ಏಳೂವರೆಗೆ ಮಕ್ಕಳು ಹಾಸಿಗೆಯಲ್ಲಿ. ಅತಿಥಿಗಳಿಗೆ ಒಂದೇ ದಿನ, ಅದೂ ಬೆಳಿಗ್ಗೆ. ಬತ್ತಿ ಹೊಸೆಯುವ ಕೆಲಸ ಮಗಳದು, ಆಗಲೇ ಹದಿನೈದರ ಬದಲು ಮೂವತ್ತು ಬತ್ತಿ ತಯಾರಾಗಿವೆ. ಅಮಾವಾಸ್ಯೆಯ ಪೂಜೆಯನ್ನು ಮಾತ್ರ ಮಕ್ಕಳು ಮಲಗಿದ ಮೇಲೆ ನಾನು ಒಬ್ಬಳೇ ಕುಳಿತು ಪೂರ್ತಿಯಾಗಿ ಮಾಡುತ್ತೇನೆ. ಅಜ್ಜನವರೇ, ಅದನ್ನು ಬಿಡಲು ನನಗೂ ಮನಸ್ಸಿಲ್ಲ.

ಹಳೆಯ ಪಂಚಾಂಗ
ಒಳ್ಳೆಯದಾಗಲಿ ತಾಯಿ. ಪೂಜೆಯ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆದಿಡಿ. ನಿದ್ದೆಯಲ್ಲಿದ್ದರೂ ದನಿ ಕಿವಿಗೆ ಬೀಳುತ್ತದೆ.

ಮಕ್ಕಳ ವಾರ್ಡು
ಹತ್ತಿಯ ಬಟ್ಟೆ ಹಾಕಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಎರಡು ತೊಟ್ಟಿಲು
ಇವತ್ತು ಮೂರನೆಯ ಸಂಜೆ. ಮೂರು ದೀಪ ಹಚ್ಚಿದ ಮರುಕ್ಷಣವೇ ಮಗ ನನ್ನ ಕಂಕುಳಿನಿಂದ ಬಾಗಿ ಒಂದನ್ನು ಊದಿ ಆರಿಸಿಬಿಟ್ಟ. ನಾನು ಬಾಯಿ ತೆರೆಯುವುದರೊಳಗೆ ಮಗಳು ನನ್ನ ಮುಖ ನೋಡಿದಳು, ಸಿಟ್ಟು ಬಂತೇ ಎಂದು ಹುಡುಕುವ ಹಾಗೆ. ನಾನು ಬೆಂಕಿಪೊಟ್ಟಣವನ್ನು ತೆಗೆದುಕೊಂಡು ಅವಳ ಕಡೆಗೆ ಕೈ ಚಾಚಿದೆ. ಅವಳು ಬಂದು ನನ್ನ ಕೈಯೊಳಗೆ ಕೈಯಿಟ್ಟಳು, ಇಬ್ಬರೂ ಸೇರಿ ಕಡ್ಡಿ ಗೀರಿದೆವು. ಈಗ ಇಬ್ಬರೂ ಮಲಗಿದ್ದಾರೆ, ಗಂಟೆ ಎಂಟೂ ಆಗಿಲ್ಲ. ನಾನು ಪೂಜೆಗೆ ಕೂರುತ್ತಿದ್ದೇನೆ, ಬಾಗಿಲು ತೆರೆದಿದೆ.